ಹೊಗೆಯ ಮುಯ್ಯಿ

ಬೀಜದ ಕಂಪನಿಯವರು ಹೊಳೆಯಪ್ಪನಿಗೆ ಒಂದು ಕೊಡವನ್ನೋ ಕಂಬಳಿಯನ್ನೋ ಕೊಟ್ಟು ಕೈತೊಳೆದುಕೊಂಡಿದ್ದರೆ ಆವತ್ತು ಊರೆಲ್ಲ ನೆಮ್ಮದಿಯಿಂದ ಚಹಾ ಕುಡಿದಿರುತ್ತಿತ್ತು. ಆದರೆ ಎಂಬತ್ತೊಂಬತ್ತನೆಯ ಇಸವಿಯಲ್ಲಿ ಕಂಪನಿಗೆ ಏನೋ ಹುಕಿ ಬಂದಿತ್ತು. ಮೊರಬದ ಸುತ್ತಿನ ಹಳ್ಳಿಗಳಲ್ಲಿ ಒಳ್ಳೆಯ ಹತ್ತಿ ಬೆಳೆದ ಒಂದು ಮನೆಗೆ ಬೆಳಗಾವಿಯಿಂದ ಮುಂಬಯಿಗೆ ವಿಮಾನದಲ್ಲಿ ಹೋಗಿಬರುವ ಬಹುಮಾನ ಇಟ್ಟಿತು. ಮನೆಯಿಂದ ಒಬ್ಬರು, ಯಾರಾದರೂ ಸೈ. ಆ ಟಿಕೀಟು ಹೊಳೆಯಪ್ಪನ ಮನೆಗೆ ಬಂತು.

ಹೊಳೆಯಪ್ಪ ಕನಸುಗಾರ. ಹುಡುಗನಾಗಿದ್ದಾಗ ಕುರಿ ಕಾಯುತ್ತ ಎರೆಹೊಲದಲ್ಲಿ ಅಂಗಾತ ಮಲಗಿ ಮೋಡ ನೋಡಿದವನು. ಕೆಳಗೆ ಮಲಗಿದವನಿಗೆ ಮೋಡದ ಹೊಟ್ಟೆಯಷ್ಟೇ ಕಾಣುತ್ತದೆ, ಅದರ ಬೆನ್ನು ಹೇಗಿರುತ್ತದೋ ಎಂಬ ಚಿಂತೆ ಆಗ ಹತ್ತಿದ್ದು ತಲೆ ನರೆತರೂ ಬಿಟ್ಟಿರಲಿಲ್ಲ. ಹತ್ತಿ ಬಿಡಿಸುವಾಗಲೂ ಅವನ ಕೈ ಗಿಡದ ಮೇಲೆ, ಕಣ್ಣು ಆಕಾಶದಲ್ಲಿ. ಆ ಹತ್ತಿಯನ್ನು ನಿಜವಾಗಿ ಬೆಳೆದವಳು ಹೆಂಡತಿ ಹನಮವ್ವ ಎಂಬುದು ಊರಿಗೆಲ್ಲ ಗೊತ್ತಿತ್ತು. ಹೊಳೆಯಪ್ಪನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ನಾಳೆ ಹೊರಡಬೇಕು. ಇವತ್ತು ಬೆಳಗಿನ ಚಳಿಯಲ್ಲಿ ಅವನು ಜೈನಬಿಯ ಚಹಾದಂಗಡಿಯ ಮುಂದೆ ಕೂತು, ಬಸಿಯಲ್ಲಿ ಆರುತ್ತಿದ್ದ ಚಹಾದ ಆವಿಯಲ್ಲೇ ಅರ್ಧ ಮುಂಬಯಿ ತಲುಪಿದ್ದ. ಆಗ ಪಂಚಾಯತಿ ಚೇರಮನ್ ಮಡಿವಾಳೆಪ್ಪ ಪೇಪರು ಹಿಡಿದುಕೊಂಡು ಬಂದರು.

"ಹೊಳೆಪ್ಪಾ, ವಿಮಾನಾ ಹೊಗಿ ಬಿಡತೈತೋ ಇಲ್ಲೋ?"

"ಬಿಡತೈತ್ರಿ. ಬೆಳ್ಳಗ, ಗೆರಿ ಕೊರದಂಗ, ಅಗದಿ ಚಂದ ಕಾಣತೈತ್ರಿ."

"ಚಂದ ಅಲ್ಲಲೇ! ಪೇಪರಿನ್ಯಾಗ ಬರದಾರ. ಒಲಿ ಹೊಗಿ, ಮಷೀನ್ ಹೊಗಿ, ವಿಮಾನದ ಹೊಗಿ ಎಲ್ಲಾ ಮ್ಯಾಲ ಹೋಗಿ ಕೌದಿ ಹೊಚ್ಚಿದಂಗ ಕುಂತಾವಂತ. ಒಳಗ ಭೂಮಿತಾಯಿ ಬೆವರಾಕ ಹತ್ಯಾಳಂತ."

ಜೈನಬಿ ಸೆರಗಿನಿಂದ ಹಣೆ ಒರೆಸಿಕೊಂಡಳು. ಮಡಿವಾಳೆಪ್ಪನವರ ಸಂಕಟ ಬೇರೆಯೇ ಇತ್ತು. ಹಿಂದಿನ ವಾರ ತಾಲೂಕಿನಲ್ಲಿ ಹೊಗೆಯಿಲ್ಲದ ಒಲೆಯ ಸಭೆ ನಡೆದು, ಶಿರಾ-ಉಪ್ಪಿಟ್ಟು ಮುಗಿದ ಮೇಲೆ, ತಮ್ಮ ಊರಿನ ಹೊಗೆ ಇನ್ನು ಒಂದು ಎಳೆಯೂ ಹೆಚ್ಚಾಗುವುದಿಲ್ಲ ಎಂದು ಯಾರು ಮಾತು ಕೊಡುತ್ತೀರಿ ಎಂದು ಸಾಹೇಬರು ಕೇಳಿದ್ದರು. ಮೊದಲು ಕೈ ಎತ್ತಿದವರು ಇವರೇ.

"ವಿಮಾನದಾಗ ಒಬ್ಬಾಂವ ಕುಂತ್ರ ನಮ್ಮೂರಿನ ಒಲಿ ಎಲ್ಲಾ ಒಂದ ದಿನಾ ಉರದಷ್ಟು ಹೊಗಿ. ನೀ ಏರಿದ್ರ ನನ್ನ ಮಾತು ಬಿತ್ತು. ಹೋಗೂದು ಬ್ಯಾಡ." ಇದನ್ನು ಅಳೆದವರು ಯಾರು ಎಂದು ಯಾರೂ ಕೇಳಲಿಲ್ಲ. ಚೇರಮನ್ನರು ಹೇಳಿದ ಮೇಲೆ ಅಳೆದಂತೆಯೇ.

ಹೊಳೆಯಪ್ಪ ಬಸಿ ಕೆಳಗಿಟ್ಟ. ಜೀವಮಾನದಲ್ಲಿ ಮೊದಲ ಸಲ ಅವನ ತಲೆ ಚುರುಕಾಗಿ ಓಡಿದ್ದು ಆಗ, ಅವನ ದುರ್ದೈವಕ್ಕೆ.

"ಚೇರಮನ್ನರ, ಮುಯ್ಯಿ ಮಾಡೂಣ್ರಿ. ಇವತ್ತ ಊರಾಗಿನ ಒಲಿ ಎಲ್ಲಾ ನಮ್ಮ ಸಲುವಾಗಿ ಆರಸ್ರಿ. ಆ ಹೊಗಿ ನಂಗ ಮುಯ್ಯಿ ಕೊಟ್ಟಂಗ. ನಾಳೆ ನಾ ಅಷ್ಟ ಹೊಗಿ ಖರ್ಚು ಮಾಡತೇನಿ. ನಿಮ್ಮ ಮಾತೂ ಉಳೀತು, ನಾನೂ ಏರಿದೆ."

ಮುಯ್ಯಿ ಅಂದರೆ ಆ ಸೀಮೆಯಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಇವತ್ತು ನೀನು ನನ್ನ ಹೊಲಕ್ಕೆ ಕಳೆ ತೆಗೆಯಲು ಬಂದರೆ, ನಾಳೆ ನಾನು ನಿನ್ನ ಹೊಲಕ್ಕೆ ಕಾಯಿ ಬಿಡಿಸಲು ಬರಬೇಕು. ಕೂಲಿ ಇಲ್ಲ, ಬರೆದಿಡುವುದಿಲ್ಲ, ಮರೆಯುವುದೂ ಇಲ್ಲ. ಆಳಿನ ಮುಯ್ಯಿ ಇರುವಾಗ ಹೊಗೆಯದು ಯಾಕಾಗಬಾರದು ಎಂದು ಮಡಿವಾಳೆಪ್ಪನವರಿಗೂ ಅನಿಸಿತು. ಓಣಿಯಲ್ಲಿ ಡಂಗುರ ಹೊಡೆಸಿ, ಈ ಸುದ್ದಿಯನ್ನು ತಾಲೂಕಿಗೆ ಮುಟ್ಟಿಸಲು ತಮ್ಮ ಹಳೆಯ ಮೋಟರ್‌ಸೈಕಲ್ ಏರಿ, ಓಣಿ ತುಂಬ ನೀಲಿ ಹೊಗೆ ಬಿಟ್ಟು ಹೊರಟರು. "ಇದು ಸರಕಾರಿ ಕೆಲಸದ ಹೊಗಿ, ಲೆಕ್ಕಕ್ಕಿಲ್ಲ," ಎಂದು ಕೂಗಿ ಹೇಳಿಯೇ ಹೋದರು.

ಜೈನಬಿ ಒಲೆಗೆ ನೀರು ಸುರಿದಳು. "ನಿಮ್ಮನಿ ಸಲುವಾಗಿ ಆತ್ ತಗೋ ಹೊಳೆಪ್ಪಣ್ಣಾ," ಅಂದಳು. ಮನೆಮನೆಯಲ್ಲೂ ಒಲೆ ಆರಿತು. ಮೊದಲ ತಾಸು ಎಲ್ಲರಿಗೂ ಮೋಜೇ.

ಆಮೇಲೆ ಬಸ್ಸು ಬಂತು. ದಿನವೂ ಇಲ್ಲಿ ಚಹಾ-ಮಿರ್ಚಿಗೆ ನಿಲ್ಲಿಸುವ ಡ್ರೈವರು ತಣ್ಣಗಿನ ಒಲೆ ನೋಡಿ ಮುಖ ಸಿಂಡರಿಸಿಕೊಂಡು, ಸಂತೆಗೆ ಹೊರಟವರನ್ನು ಹತ್ತಿಸಿಕೊಳ್ಳದೆ ಹೋಗಿಬಿಟ್ಟ. ಬುಟ್ಟಿ ಹೊತ್ತವರೆಲ್ಲ ಹೊಳೆಯಪ್ಪನ ಕಡೆ ತಿರುಗಿ ನೋಡಿದರು.

ಅದಕ್ಕಿಂತ ದೊಡ್ಡ ಅನಾಹುತ ಅಂದಾನೆಪ್ಪನ ಮನೆಯಲ್ಲಿ ಆಯಿತು. ಆವತ್ತೇ ಅವನ ಮಗಳನ್ನು ನೋಡಲು ಶಲವಡಿಯಿಂದ ಬೀಗರು ಬಂದಿದ್ದರು. ಅವರ ಮುಂದೆ ಹಸಿ ಅವಲಕ್ಕಿ, ಬೆಲ್ಲ, ಮಜ್ಜಿಗೆ ಇಟ್ಟರು. ಹುಡುಗನ ಸೋದರಮಾವ ಮೀಸೆ ತಿರುವಿ ಕೇಳಿದ, "ಏನ್ರಿ, ಚಾ ಮಾಡೂ ಪದ್ಧತಿ ಇಲ್ಲೇನ್ರಿ ನಿಮ್ಮಲ್ಲೆ?"

"ಐತ್ರಿ... ನಮ್ಮ ಹೊಳೆಪ್ಪ ನಾಳಿ ವಿಮಾನ ಏರತಾನ್ರಿ, ಅದಕ್ಕ ಇವತ್ತ ಚಾ ಇಲ್ರಿ."

ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ಊರಿನ ಹೆಣ್ಣನ್ನು ತಂದುಕೊಂಡರೆ ಮುಂದೆ ಹೇಗೋ ಎಂಬ ಭಯ ಅವರಿಗೆ ಸಹಜವೇ. ಅವಲಕ್ಕಿಯನ್ನು ಹಾಗೇ ಬಿಟ್ಟು ಎದ್ದರು. ಅಂದಾನೆಪ್ಪ ಬಾರಕೋಲು ಹಿಡಿದು ಹೊಳೆಯಪ್ಪನನ್ನು ಹುಡುಕಿಕೊಂಡು ಹೊರಟ.

ಹೊಳೆಯಪ್ಪ ಓಡಿ ಮಡಿವಾಳೆಪ್ಪನವರ ಹಿತ್ತಿಲಿನ ಬಣವೆಯ ಹಿಂದೆ ನುಗ್ಗಿದ. ಅಲ್ಲಿ ತಾಲೂಕಿನಿಂದ ಮರಳಿದ ಮಡಿವಾಳೆಪ್ಪನವರೇ ಕುಕ್ಕರಗಾಲಿನಲ್ಲಿ ಕೂತು ಬೀಡಿ ಸೇದುತ್ತಿದ್ದರು.

"ಶ್! ನೀ ನನ್ನ ನೋಡಿಲ್ಲ, ನಾ ನಿನ್ನ ನೋಡಿಲ್ಲ."

ಅಡಿಗೆ ಇಲ್ಲದ ಓಣಿಯ ಹೆಂಗಸರಿಗೆ ಆವತ್ತು ಸುತ್ತಮುತ್ತ ಕಣ್ಣು ಹಾಯಿಸಲು ಬೇಕಾದಷ್ಟು ಪುರಸೊತ್ತಿತ್ತು. ಬಣವೆಯ ಮೇಲೆ ಎದ್ದ ಎಳೆ ಹೊಗೆ ಕಂಡದ್ದೇ, "ಬಣವಿಗೆ ಬೆಂಕಿ ಬಿತ್ರೆಬೇ!" ಎಂದು ಕೊಡ ಎತ್ತಿಕೊಂಡು ಬಂದರು. ಮಡಿವಾಳೆಪ್ಪನವರು ಬೀಡಿಯನ್ನು ಹೊಳೆಯಪ್ಪನ ಕೈಗೆ ತುರುಕಿ ಆಚೆ ಜಿಗಿದರು. ಮರುಕ್ಷಣ ಎಲ್ಲ ಕೊಡಗಳ ನೀರೂ ಹೊಳೆಯಪ್ಪನ ತಲೆಯ ಮೇಲೆ.

"ಹಿಡದೇನಿ ನೋಡ್ರಿ!" ಎಂದರು ಚೇರಮನ್ನರು, ಒಂದು ಹನಿಯೂ ಸೋಕದೆ.

"ನಾವು ಮಕ್ಕಳನ್ನ ಉಪಾಸ ಕೆಡವೇವಿ, ನೀ ಇಲ್ಲೆ ಬೀಡಿ ಸೇದತೀಯೇನ?" ಎಂದು ಮುದುಕಿ ಮಲ್ಲಕ್ಕ ಗುಡುಗಿದಳು. ಊರಿನ ದೊಡ್ಡ ಮೆಣಸಿನಕಾಯಿ ಹೊಲ ಅವಳದು, ಮಾತೂ ಅದೇ ಖಾರ. ಹೊಳೆಯಪ್ಪ ಬಾಯಿ ತೆರೆದ. ನಿಜ ಹೇಳಿದರೆ ಚೇರಮನ್ನರು ಸಿಟ್ಟಾಗಿ ಹೋಗುವುದು ಬೇಡ ಅನ್ನುತ್ತಾರೆ. ಬಾಯಿ ಮುಚ್ಚಿದ.

ಇಳಿಹೊತ್ತಿಗೆ ಎಲ್ಲರೂ ಕಟ್ಟೆಗೆ ಸೇರಿದರು, ಜಗಳಕ್ಕೆಂದೇ. ಆದರೆ ಬಂದವರೆಲ್ಲ ಮೊದಲು ಕತ್ತೆತ್ತಿ ಸುತ್ತ ನೋಡಿದರು. ದಿನವೂ ಆ ಹೊತ್ತಿಗೆ ಮಾಳಿಗೆಗಳ ಮೇಲೆ ಹೊಗೆ ಕವಿದು ಊರೇ ಮಬ್ಬಾಗುತ್ತಿತ್ತು. ಆವತ್ತು ಏನೂ ಇರಲಿಲ್ಲ. ನವಲಗುಂದದ ಗುಡ್ಡ ಓಣಿಯ ಕೊನೆಗೇ ಬಂದು ಕೂತ ಹಾಗಿತ್ತು. ಎರೆಹೊಲದ ಮೇಲೆ ಕೆಂಪು ಬೆಳಕು ನಿಧಾನವಾಗಿ ನೀಲಿಗೆ ತಿರುಗುತ್ತಿತ್ತು, ಎಲ್ಲೋ ದೂರದ ಎತ್ತಿನ ಗೆಜ್ಜೆ ಕಿವಿಯ ಪಕ್ಕದಲ್ಲೇ ಕೇಳಿಸುತ್ತಿತ್ತು. ಹಸಿದ ಮಕ್ಕಳೂ ಸುಮ್ಮನೆ ನೋಡಿದವು. ಒದ್ದೆ ಅಂಗಿಯಲ್ಲಿ ನಡುಗುತ್ತಿದ್ದ ಹೊಳೆಯಪ್ಪನಿಗೆ ಸಂತೋಷದಿಂದ ಅಳು ಬಂತು.

"ಹೊಳೆಪ್ಪನ ಟಿಕೀಟು ರದ್ದು," ಎಂದು ಮಡಿವಾಳೆಪ್ಪನವರು ಗಂಟಲು ಸರಿಮಾಡಿಕೊಂಡರು. "ಬೀಡಿ ಸೇದಿ ಸಿಕ್ಕಾನ."

"ರದ್ದು ಹೆಂಗ್ರಿ?" ಎಂದಳು ಮಲ್ಲಕ್ಕ. "ಊರೆಲ್ಲಾ ಉಪಾಸ ಕುಂತು ಉಳಿಸಿದ ಹೊಗಿ ಐತಿ. ಅದನ್ನ ಹಳ್ಳಕ್ಕ ಚೆಲ್ಲೂದೇನ್ರಿ? ಆ ಮನ್ಯಾಗಿಂದ ಒಬ್ಬರು ಏರಾಕ ಬೇಕು."

ಹೊಳೆಯಪ್ಪನಿಗೆ ಅವಳ ಕಾಲಿಗೆ ಬೀಳಬೇಕೆನಿಸಿತು. ಬೀಳಲು ಬಗ್ಗಿಯೂ ಬಿಟ್ಟ.

"ನೀ ಯಾಕ ಬಗ್ಗತೀಯೋ? ಮುಯ್ಯಿ ಅಂತ ಡಂಗುರ ಹೊಡಿಸಿದಿ. ಯಾರ ಹೊಲಕ್ಕರ ನೀ ಒಂದ ದಿನಾ ಮುಯ್ಯಿ ಬಂದಿಯೇನ? ಬಂದಾಕಿ ಹನಮವ್ವ. ನನ್ನ ಹೊಲಕ್ಕ ಬಂದಾಳ, ಜೈನಬಿ ಮಗಳ ಬಾಣಂತನಕ್ಕ ಬಂದಾಳ, ಅಂದಾನೆಪ್ಪನ ಕಣಕ್ಕ ಬಂದಾಳ. ಇವತ್ತ ನಾವು ಒಲಿ ಆರಸಿದ್ದು ಆಕಿ ಮುಯ್ಯಿ ತೀರಸಾಕ. ಹೊಗಿ ಆಕೀದು. ಆಕೀನ ಹೋಗಲಿ."

ಕಟ್ಟೆ ತುಂಬ "ಹೌದ್ರಿ, ಹೌದ್ರಿ" ಎದ್ದಿತು. ಬಾರಕೋಲು ಹಿಡಿದ ಅಂದಾನೆಪ್ಪನೂ ತಲೆಯಾಡಿಸಿದ. ಹೊಳೆಯಪ್ಪನ ಜೀವ ಈಗ ಹೆಂಡತಿಯ ಬಾಯಲ್ಲಿತ್ತು. ನಾ ಒಲ್ಲೆ ಎಂದು ಅವಳು ಅಂದೇ ಅನ್ನುತ್ತಾಳೆ. ಯಾವುದನ್ನು ತಾನೇ ಅವಳು ತನಗೆ ಬೇಕು ಅಂದದ್ದುಂಟು?

ಹನಮವ್ವ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಕೇಳಿದಳು, "ಬೆಳಗಾವಿ ಬಸ್ಸು ಎಷ್ಟಕ್ಕೈತ್ರಿ?"

ಮನೆಗೆ ಬಂದು ಅವಳು ತಂಗಳ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿದಳು. ಹೊಳೆಯಪ್ಪ ಕಂಬಕ್ಕೆ ಒರಗಿ ಅಂದ, "ಹನಮೀ, ಒಂದ ಮಾತು ನಡಸಿಕೊಡು. ಕಿಡಕ್ಯಾಗಿಂದ ಮೋಡದ ಬೆನ್ನು ಹೆಂಗೈತಿ ಅಂತ ನೋಡಿ ಬಾ. ಬಂದು ನಂಗ ಹೇಳು, ಸಾಕು."

"ನಾ ನೋಡೂದಿಲ್ಲಪಾ," ಎಂದಳು ಹನಮವ್ವ, ಗಂಟಿಗೆ ಇನ್ನೊಂದು ಬಿಗಿ ಹಾಕುತ್ತ. "ಏರಿದ ಕೂಡಲೆ ಸೆರಗ ಹೊಚಗೊಂಡು ಮಲಗತೇನಿ. ಹಗಲ ಹೊತ್ತಿನ್ಯಾಗ ಒಂದ ನಿದ್ದಿ ಮಾಡಬೇಕಂತ ಮದಿವಿ ಆದಾಗಿಂದ ಆಸೆ ಐತಿ. ಅಲ್ಲೆ ಯಾರೂ ಎಬ್ಬಸೂದಿಲ್ಲಲಾ?"

ಹೊಳೆಯಪ್ಪ ಕಂಬ ಬಿಟ್ಟು ಹಾಸಿಗೆ ಬಿಚ್ಚಿದ.

"ಮತ್ತ ನಾಳಿ ಮಲ್ಲಕ್ಕನ ಹೊಲಕ್ಕ ಮೆಣಸಿನಕಾಯಿ ಬಿಡಸಾಕ ಬರತೇನಿ ಅಂದಿದ್ದೆ. ನನ್ನ ಬದ್ಲಿ ನೀ ಹೋಗು," ಎಂದು ಅವಳು ದೀಪ ಆರಿಸಿದಳು. "ಬಗ್ಗಿ ಬಿಡಸಬೇಕು ನೋಡ. ಮ್ಯಾಲ ನೋಡಕೋತ ನಿಂತ್ರ ಮಲ್ಲಕ್ಕ ಬಿಡೂದಿಲ್ಲ."