ಎರಡನೇ ತುಂಡು ಮತ್ತೆ ಕಳಿಸು

ನನ್ನ ಮೇಲೆ ಹೆಂಡತಿಯದು ಒಂದೇ ದೂರು: ಅವಳು ಹೇಳಿದ್ದರಲ್ಲಿ ಅರ್ಧ ಕೇಳಿಸಿಕೊಳ್ಳುತ್ತೇನೆ, ಉಳಿದರ್ಧ ನಾನೇ ಹುಟ್ಟಿಸಿಕೊಳ್ಳುತ್ತೇನೆ. ಫ್ಯಾಕ್ಸ್ ಯಂತ್ರಗಳ ರಿಪೇರಿಯಲ್ಲಿ ಇಪ್ಪತ್ತು ವರ್ಷ ಸವೆಸಿದವನಿಗೆ ಇಂಥ ಅವಮಾನ! (ಯಂತ್ರಗಳು ಈವರೆಗೆ ದೂರಿಲ್ಲ.)

ಒಂದು ದಿನ ನನಗೆ ಮಹಾಜ್ಞಾನೋದಯವಾಯಿತು. ಫ್ಯಾಕ್ಸ್ ಯಂತ್ರ ಹಾಳೆಯನ್ನು ತುಂಡು ತುಂಡಾಗಿ ಕಳಿಸುತ್ತದೆ. ದಾರಿಯ ಗದ್ದಲದಲ್ಲಿ ಯಾವುದಾದರೂ ತುಂಡು ಕೆಟ್ಟರೆ ಆ ಕಡೆಯ ಯಂತ್ರ ಅದೊಂದನ್ನೇ ಮತ್ತೆ ಕೇಳಿ ಪಡೆಯುತ್ತದೆ. ಮುನಿಸಿಲ್ಲ, ಜಗಳವಿಲ್ಲ. ಮನೆಯಲ್ಲೂ ಇದೇ ಶಾಸನ ಜಾರಿಗೆ ತಂದೆ. ಅವಳು ನಂಬರ್ ಹಾಕಿ ಹೇಳಬೇಕು, ನಾನು ಗಟ್ಟಿಯಾಗಿ ಒಪ್ಪಿಸಬೇಕು, ಕೆಟ್ಟ ತುಂಡನ್ನು ಮಾತ್ರ ಮರಳಿ ಕೇಳಬೇಕು.

"ನಿಮ್ಮನ್ನ ಕಟ್ಕೊಂಡ ಮೇಲೆ ಇದೂ ಒಂದು ಆಗ್ಲಿ ಬಿಡಿ," ಎಂದಳು. ಇಡೀ ವಾರ ಒಂದೂ ತಪ್ಪಾಗಲಿಲ್ಲ. ನಾನು ಬೀಗಿದೆ.

ಮರುವಾರ ಅತ್ತೆ ಬರುವವರಿದ್ದರು. ಹೋದ ಸಲ ಬಂದಾಗ, ತೀರಿಹೋದ ಮಾವನವರ ಹಳೆಯ ರೇಡಿಯೊವನ್ನು ಯಾವ ಅಂಗಡಿಗೂ ಕೊಡದೆ, "ಅಳಿಯಂದ್ರು ಮುಟ್ಟಿದ್ರೆ ಸಾಕು, ಜೀವ ಬರುತ್ತೆ" ಎಂದು ನನ್ನ ಕೈಗಿತ್ತಿದ್ದರು. ನಾನು ಅದರ ಅಳಿದುಳಿದ ಜೀವವನ್ನೂ ತೆಗೆದಿದ್ದೆ. ಅತ್ತೆಯ ಮುಂದೆ ನನ್ನ ಮರ್ಯಾದೆಯೆಲ್ಲ ನಿಂತಿದ್ದದ್ದು ಆ ರೇಡಿಯೊ ಮೇಲೆ. ಅದಕ್ಕೇ ಹೆಂಡತಿ ಅಂಥದ್ದೇ ಇನ್ನೊಂದನ್ನು ಹುಡುಕಲು ಹೊರಟಿದ್ದಳು.

ಬಸ್ ನಿಲ್ದಾಣದಲ್ಲಿ ಅತ್ತೆ ಇಳಿದು, ಅವರ ಚೀಲ ನನ್ನ ಹೆಗಲೇರುವಷ್ಟರಲ್ಲಿ ಹೆಂಡತಿಯ ಫೋನ್ ಬಂತು. ಸುತ್ತ ಹಾರ್ನ್‌ಗಳ ಅಬ್ಬರ. ಅಭ್ಯಾಸಬಲದಿಂದ ಒಂದು ಕಿವಿಗೆ ಬೆರಳಿಟ್ಟು, ಕಣ್ಣು ಮುಚ್ಚಿ, ಕರ್ತವ್ಯನಿರತನಾದೆ.

"ಒಂದು, ಅಮ್ಮನ್ನ ನಿಧಾನಕ್ಕೆ ಕರ್ಕೊಂಡು ಬರೋದು. ಬಂತು!" ಎಂದು ಕೂಗಿದೆ. "ಎರಡು, ಹಳೇ ಸಾಮಾನಿನ ಅಂಗಡೀಲಿ... ಏನು ಸಿಕ್ತು? ಕೆಟ್ಟಿದೆ, ಎರಡನೇ ತುಂಡು ಮತ್ತೆ ಕಳಿಸು!"

ಪಾಪ, ಕಳಿಸಿದಳು.

"ಹಾಂ, ಅಂಥದ್ದೇ ರೇಡಿಯೊ ಸಿಕ್ತು! ಬಂತು! ಮೂರು, ನಾನು ಕೆಡಿಸಿದ್ದು ಮಂಚದ ಕೆಳಗಿದೆ, ಅಮ್ಮಂಗೆ ಗೊತ್ತಾಗಬಾರದು. ಸ್ಪಷ್ಟವಾಗಿ ಬಂತು!"

ಒಂದಕ್ಷರವೂ ತಪ್ಪದ ಸಾಧನೆಗೆ ಹೆಮ್ಮೆಪಡುತ್ತ ಕಣ್ಣು ತೆರೆದೆ. ಅತ್ತೆ ಎದುರಿಗೇ ನಿಂತಿದ್ದರು. ಅವರು ಮೆಲ್ಲಗೆ ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ನಂಗೂ ಮೂರೂ ಬಂತು ಕಣೇ," ಎಂದರು ಮಗಳಿಗೆ. "ಮಂಚದ ಕೆಳಗಿರೋದನ್ನ ಜೋಪಾನವಾಗಿ ಎತ್ತಿಡು, ನಾಳೆ ಅಂಗಡಿಗೆ ಕೊಡೋಣ. ಅಳಿಯಂದ್ರ ಕೈಗೆ ಮಾತ್ರ ಇನ್ನು ಏನನ್ನೂ ಕೊಡ್ಬೇಡ."

ಎಂದವರೇ ನನ್ನ ಹೆಗಲಿನಿಂದ ತಮ್ಮ ಚೀಲವನ್ನೂ ಇಳಿಸಿಕೊಂಡರು.