ಪೇಟೆಂಟಿಲ್ಲದ ಸೀಮೆಯ ಕಾಕಾ

ಊರಿನಲ್ಲಿ ಯಾರಿಗೂ ಗೊತ್ತೇ ಇಲ್ಲದ ಕೊರತೆಗಾಗಿ ಊಟ ಬಿಟ್ಟ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನು ನನ್ನ ಕಾಕಾ. ಬೈಲಹೊಂಗಲದಲ್ಲಿ ಚಿತ್ರಕಲೆಯ ಮಾಸ್ತರನಾಗಿದ್ದು ನಿವೃತ್ತನಾಗಿದ್ದ. ಬೇರೆಯವರು ಮಗಳಿಗೆ ವರ ಸಿಗಲಿಲ್ಲವೆಂದು ಕೊರಗಿದರೆ, ಇವನು ನಮ್ಮ ಸೀಮೆಗೆ ಒಂದೂ ಪೇಟೆಂಟ್ ಸಿಗಲಿಲ್ಲವೆಂದು ಕೊರಗುತ್ತಿದ್ದ!

ಹೊಸದೇನನ್ನಾದರೂ ಕಂಡುಹಿಡಿದವನಿಗೆ, ಇದು ನಿನ್ನದೇ ಎಂದು ಸರಕಾರ ಬರೆದುಕೊಡುವ ಕಾಗದವೇ ಪೇಟೆಂಟ್. ಅವುಗಳನ್ನು ಎಣಿಸಿದರೆ ಯಾವ ಸೀಮೆಯ ಜನ ಎಷ್ಟು ಜಾಣರೆಂದು ತಿಳಿಯುತ್ತದೆಂದು, ಎಪ್ಪತ್ತರ ದಶಕದ ಯಾವುದೋ ವರ್ಷ, ಯಾವುದೋ ಪತ್ರಿಕೆಯಲ್ಲಿ ಕಾಕಾ ಓದಿಬಿಟ್ಟ. ಅಂದಿನಿಂದ ಧಾರವಾಡದ ಲೈಬ್ರರಿಗೆ ಹೋಗಿ ಪೇಟೆಂಟ್ ಪಡೆದವರ ವಿಳಾಸ ಹುಡುಕುವುದೇ ಕೆಲಸ. ಮುಂಬಯಿ ಇತ್ತು, ಕಲಕತ್ತೆ ಇತ್ತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಒಮ್ಮೆಯೂ ಅವನ ಕಣ್ಣಿಗೆ ಬೀಳಲಿಲ್ಲ. ಸಂಜೆ ಬಸ್ಸಿಳಿದು ಬಂದು, ಮನೆಯಲ್ಲಿ ಯಾರೋ ತೀರಿಕೊಂಡವರ ಹಾಗೆ ಪಡಸಾಲೆಯಲ್ಲಿ ಕೂತುಬಿಡುತ್ತಿದ್ದ. ಓಣಿಯವರು ಒಂದೆರಡು ಸಲ ಮಾತಾಡಿಸಿಕೊಂಡು ಹೋಗಲು ಬಂದದ್ದೂ ಉಂಟು!

ನಮ್ಮ ಜನ ದಡ್ಡರಲ್ಲ, ಕಾಗದ ಮಾಡಿಸಿಲ್ಲ ಅಷ್ಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಕಾಕಾ ಬೇಟೆಗೆ ಹೊರಟ. ಸಿರಸಂಗಿಯ ಕಮ್ಮಾರನೊಬ್ಬ, ಎತ್ತು ತಿರುಗುವಾಗ ಬೀಜ ಚೆಲ್ಲದಂತೆ ತಾನಾಗಿಯೇ ಮುಚ್ಚಿಕೊಳ್ಳುವ ಕೂರಿಗೆ ಮಾಡಿದ್ದಾನೆಂದು ಕೇಳಿ ಅಲ್ಲಿಗೆ ಓಡಿದ. ಅರ್ಜಿ ಹಾಕುವ ಮೊದಲು ಅದನ್ನು ಯಾರಿಗೂ ತೋರಿಸಿರಬಾರದು, ಅದೇ ಕಾಯ್ದೆ ಎಂದು ವಿವರಿಸಿದ.

"ಊರಾಗ ಎಲ್ಲಾರಿಗೂ ಮಾಡಿ ಕೊಟ್ಟೇನ್ರಿ ಮಾಸ್ತರ. ಬಾಜೂ ಊರವರೂ ಬಂದು ಅಳತಿ ತಗೊಂಡು ಹೋಗ್ಯಾರ. ನಿಮಗೂ ಒಂದ ಮಾಡ್ಲೇನ್ರಿ?" ಎಂದ ಕಮ್ಮಾರ.

ಅಂಗೈಯಗಲ ಹೊಲವಿಲ್ಲದ ಕಾಕಾ ತಲೆಯ ಮೇಲೆ ಕೈಹೊತ್ತು ಮರಳಿದ.

ರಾಮದುರ್ಗದಲ್ಲಿ ಮಾತ್ರ ಅದೃಷ್ಟ ಖುಲಾಯಿಸಿತು. ನೇಯುವ ಹೆಣ್ಣುಮಗಳೊಬ್ಬಳು ಮಗ್ಗ ತುಳಿಯುವುದು ಹಗುರಾಗುವಂಥ ಉಪಾಯ ಮಾಡಿದ್ದಳು. ಇನ್ನೂ ಯಾರೂ ನೋಡಿರಲಿಲ್ಲ! ಬಾಯಿ ಬಿಡುವುದಿಲ್ಲವೆಂದು ಅವಳಿಂದ ಆಣೆ ಮಾಡಿಸಿಕೊಂಡು, ಅರ್ಜಿ ಸಿದ್ಧಮಾಡಿ ನಾಲ್ಕು ದಿನ ಬಿಟ್ಟು ಹೋದರೆ, ಇಡೀ ಓಣಿಯ ಮಗ್ಗಗಳಿಗೆ ಅದೇ ಉಪಾಯ. ನೆರೆಯವಳ ಮೊಣಕಾಲು ನೋವು ನೋಡುತ್ತ ಹೇಗೆ ಸುಮ್ಮನಿರಲಿ ಎಂದು ಅವಳು ಇವನನ್ನೇ ಕೇಳಿದಳಂತೆ. ಕಾಕಾ ಎರಡು ದಿನ ಅನ್ನ ಮುಟ್ಟಲಿಲ್ಲ. ಇಂಥ ಜನರನ್ನು ಕಟ್ಟಿಕೊಂಡು ಸೀಮೆ ಉದ್ಧಾರವಾಗುವುದುಂಟೆ?

ಕೊನೆಗೆ ತಾನೇ ಕಂಡುಹಿಡಿಯಲು ಕೂತ. ಎಂ.ಕೆ. ಹುಬ್ಬಳ್ಳಿಯ ಹತ್ತಿರ ಅವನ ಗೆಳೆಯನ ಬೆಲ್ಲದ ಗಾಣವಿತ್ತು. ಗಾಣಕ್ಕೆ ಕಬ್ಬು ಕೊಡುವವರ ಬೆರಳು ಆಗಾಗ ಉರುಳೆಗೆ ಸಿಕ್ಕಿ ಹೋಗುತ್ತಿದ್ದವು. ಕಬ್ಬು ಒಳಗೆ ಹೋಗಬೇಕು, ಕೈ ಹೋಗಬಾರದು, ಅಂಥದೊಂದು ಕಟ್ಟಿಗೆಯ ಬಾಯಿಯನ್ನು ಕಾಕಾ ಕೋಣೆಗೆ ಕೀಲಿ ಹಾಕಿಕೊಂಡು ಎಂಟು ತಿಂಗಳು ಕೆತ್ತಿದ. ಒಳಗೆ ಇನ್ನೊಬ್ಬಳನ್ನು ಇಟ್ಟಿದ್ದಾರೇನೋ ಎಂದು ಅವನ ಹೆಂಡತಿ ಕಾಕು ನನ್ನ ಹತ್ತಿರ ಕಣ್ಣೀರು ಹಾಕಿದ್ದಳು! ಆಗ ನಾನು ಸಾಲೆಯಲ್ಲಿ ಅಕ್ಕೋರಾಗಿ ಕಲಿಸುತ್ತಿದ್ದೆ. ಅರ್ಜಿ ಬರೆದವಳು ನಾನು, ನಕ್ಷೆ ತೆಗೆದವನು ಅವನು. ಶನಿವಾರ ಸಂಜೆ ಲಕೋಟೆ ಅಂಟಿಸಿದೆವು. ಸೋಮವಾರ ಕಲಕತ್ತೆಯ ಪೇಟೆಂಟ್ ಕಚೇರಿಗೆ ರಜಿಸ್ಟರ್ ಅಂಚೆ ಮಾಡುವುದೆಂದಾಯಿತು.

ಭಾನುವಾರ ಮುಂಜಾನೆ ಸುದ್ದಿ ಬಂತು. ಗೆಳೆಯನ ಗಾಣದಲ್ಲಿ ಒಬ್ಬನ ಎರಡು ಬೆರಳು ಹೋಗಿದ್ದವು.

ನಾನು ಹೋಗಿ ನೋಡಿದರೆ ಕೋಣೆ ಬಾಗಿಲು ತೆರೆದಿತ್ತು, ಲಕೋಟೆ ಹರಿದಿತ್ತು, ನಕ್ಷೆ ಇರಲಿಲ್ಲ. ಸಂಜೆ ಕಾಕಾ ಚಕ್ಕಡಿಯಲ್ಲಿ ಬಂದಿಳಿದ. ಕಟ್ಟಿಗೆಯ ಬಾಯಿಯನ್ನು ಗಾಣಕ್ಕೆ ಕೂಡಿಸಿ, ನೋಡಲು ಬಂದ ಬಡಿಗರ ಕೈಗೆ ನಕ್ಷೆಯನ್ನೇ ಕೊಟ್ಟು ಬಂದಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ನಾಳೆ ಅರ್ಜಿ ಕಳಿಸೋಣ, ಕಲಕತ್ತೆಯವರಿಗೆ ಯಾರು ಹೇಳುತ್ತಾರೆ ಎಂದೆ.

"ಯಾರಿಗೂ ತೋರಿಸಿಲ್ಲಂತ ಸುಳ್ಳ ಬರೀಲೇನ, ಮಗಳ?"

"ಒಂದ ದಿನ ತಡದಿದ್ರ ಏನಾಗ್ತಿತ್ತು, ಕಾಕಾ?"

"ಇವತ್ತೂ ಗಾಣ ನಡದಿತ್ತವ್ವಾ," ಎಂದ. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತ. ಈ ಜನ್ಮದಲ್ಲಿ ಒಂದೂ ಆಗಲಿಲ್ಲ, ಒಂದೂ ಆಗಲಿಲ್ಲ ಎಂದು ಕೂಸಿನ ಹಾಗೆ ಅತ್ತ. ಅಲ್ಲಿಯವರೆಗೆ ನಾನು ಅವನನ್ನು ನೋಡಿ ನಕ್ಕಿದ್ದಕ್ಕೆ ಲೆಕ್ಕವಿಲ್ಲ. ಅಂದು ನಾನೂ ಅತ್ತೆ.

ಎರಡು ವರ್ಷಕ್ಕೆ ಕಾಕಾ ಹೋದ. ಪೇಟೆಂಟ್ ಎಣಿಸುವವರು ನಮ್ಮನ್ನು ದಡ್ಡರೆಂದು ಬರೆದುಕೊಂಡರೆ ಇಲ್ಲವೆನ್ನಲು ನನ್ನ ಹತ್ತಿರ ಕಾಗದವಿಲ್ಲ. ಆದರೆ ಕಬ್ಬಿನ ಕಾಲದಲ್ಲಿ ಆ ದಾರಿಗೆ ಹೋದಾಗ, ಕಟ್ಟಿಗೆಯ ಬಾಯಿ ಕೂಡಿಸಿದ ಯಾವುದಾದರೊಂದು ಗಾಣದ ಮುಂದೆ ನಿಲ್ಲುತ್ತೇನೆ. ಕಬ್ಬು ಕೊಡುವವರಿಗೆ ಕೈ ತೋರಿಸಲು ಹೇಳುತ್ತೇನೆ. ಈ ಅಕ್ಕೋರಿಗೆ ತಲೆ ಕೆಟ್ಟಿರಬೇಕೆಂದು ಅವರು ನಗುತ್ತ ಎರಡೂ ಕೈ ಚಾಚುತ್ತಾರೆ. ನಾನು ಬೆರಳು ಎಣಿಸುತ್ತೇನೆ.