ಒಂಬತ್ತು ಪ್ರಶ್ನೆಗೆ ಒಂದೇ ಉತ್ತರ

ಪ್ರಭುದೇವನ ಶುಕ್ರವಾರವನ್ನು ಕೆಡಿಸಿದ್ದು ಒಂಬತ್ತು ಪ್ರಶ್ನೆಗಳ ಒಂದು ಫಾರ್ಮು.

ಪ್ರಭುದೇವ ವಿಡಿಯೊ ಗೇಮುಗಳಿಗೆ ರಾಕ್ಷಸರ ಚಿತ್ರ ಬರೆಯುವವನು. ನಾಲ್ಕು ತಿಂಗಳಿಂದ ಒಬ್ಬನೇ ರಾಕ್ಷಸನ ಕಣ್ಣನ್ನು ನಲವತ್ತು ಸಲ ತಿದ್ದಿದ್ದ. "ಇನ್ನೂ ಸ್ವಲ್ಪ ಭಯ ಬೇಕು" ಎನ್ನುತ್ತಿದ್ದರು ಮೇಲಿನವರು. ಭಯವೇನೋ ಬಂತು, ಚಿತ್ರಕ್ಕಲ್ಲ, ಬರೆಯುವವನಿಗೆ. ನಿದ್ದೆ ಹೋಯಿತು. ಪೆನ್ನು ಹಿಡಿದರೆ ಬೆರಳು ನಡುಗತೊಡಗಿತು. ಕಡೆಗೆ ಸ್ಟುಡಿಯೋದವರು ಗೊತ್ತುಮಾಡಿದ್ದ ಕೌನ್ಸೆಲರ್ ಬಳಿ ಹೆಸರು ಬರೆಸಿ, ಮೂರು ತಿಂಗಳು ಕಾದು, ಇವತ್ತು ಹನ್ನೊಂದಕ್ಕೆ ಒಂದು ತಾಸು ಸಿಕ್ಕಿತ್ತು. ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಕೂತು ಫೋನಿನಲ್ಲಿ ಮನಸ್ಸು ಬಿಚ್ಚಬೇಕು. ಅದಕ್ಕೂ ಮುಂಚೆ ಫಾರ್ಮು ತುಂಬಿ ಕಳಿಸಬೇಕು. ಕೆಲಸಕ್ಕೆ ಹೋಗಿದ್ದ ಹೆಂಡತಿ ಕೀರ್ತಿಯೊಬ್ಬಳಿಗೇ ಇದು ಗೊತ್ತು. ಗದಗದಿಂದ ಬಂದಿದ್ದ ತಾಯಿ ದ್ಯಾಮವ್ವನಿಗೆ ಗೊತ್ತಾಗಲೇಬಾರದು.

ಆದರೆ ಮಗ ರಜೆ ಹಾಕಿ ಅಡುಗೆಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಬೆವರುತ್ತಿದ್ದುದನ್ನು ಕಂಡ ದ್ಯಾಮವ್ವ ಬೇಲಿಯ ಹತ್ತಿರ ಹೋಗಿ ಒಂದು ಮಾತು ಹಾಕಿದರು. ಅಮೆರಿಕದ ಡುವಾಲ್ ಊರಿನ ಆ ಬೀದಿಯಲ್ಲಿ ಕನ್ನಡದ ಮನೆ ಮೂರೇ. ಸುದ್ದಿಗೆ ಮೂರೇ ನಿಮಿಷ ಹಿಡಿಯಿತು.

ಮೊದಲು ಬಂದವರು ಪಕ್ಕದ ಮನೆಯ ಸತ್ಯನಾರಾಯಣ, ಮಗಳ ಮನೆಯಲ್ಲಿರುವ ನಿವೃತ್ತ ತಹಶೀಲ್ದಾರರು. ಹಿಂದೆಯೇ ಎದುರು ಮನೆಯ ಪೀರ್ ಪಾಷಾ. ಪ್ರಭುದೇವನ ಸ್ಟುಡಿಯೋದಲ್ಲೇ ಸೌಂಡ್ ಕೆಲಸ; ಮನೆಗೆ ನೆಂಟರು ಬಂದರೆಂದು ಅವರಿಗೂ ಇವತ್ತು ರಜೆ. ರಾಕ್ಷಸನ ಗರ್ಜನೆ ಅವರ ಪಾಲಿಗೆ.

"ಫಾರ್ಮಾ? ಕೊಡಿ ಇಲ್ಲಿ" ಎಂದು ಸತ್ಯನಾರಾಯಣರು ಬೆಲ್ಲ ಕಂಡ ಇರುವೆಯಂತೆ ಲ್ಯಾಪ್‌ಟಾಪಿಗೆ ಮುತ್ತಿದರು. "ಮೂವತ್ತು ವರ್ಷ ಇದೇ ಕೆಲಸ ಮಾಡಿದೀನಿ. ಇನ್ಶೂರೆನ್ಸಿಂದು ತಾನೆ?"

"ಹೂಂ... ಹಂಗೇ ಅನ್ಕೊಳ್ರಿ" ಎಂದ ಪ್ರಭುದೇವ.

"ಒಂದನೇದು. ಎರಡು ವಾರದಿಂದ ನಿದ್ದೆಗೆ ತೊಂದರೆ ಇದೆಯಾ?"

"ನನ್ನ ಮಗಗ?" ದ್ಯಾಮವ್ವ ನಕ್ಕರು. "ಸಾಲಿಗೆ ಹೋಗೂವಾಗ ಮಾರಿಮ್ಯಾಲೆ ನೀರ ಸುರುವಿ ಎಬ್ಬಸ್ತಿದ್ನಿ! ಆರಾಮ ಅದೀ, ಹೌದಲ್ಲೋ?"

ತಾಯಿಯ ಕಣ್ಣಲ್ಲಿ ದೇವರು ಏನಿಟ್ಟಿದ್ದಾನೋ, ಅದರೆದುರು ಸುಳ್ಳು ಹೇಳುವುದು ಕಷ್ಟ, ನಿಜ ಹೇಳುವುದು ಇನ್ನೂ ಕಷ್ಟ. "ಆರಾಮ ಅದೀನಿ ಬೇ" ಎಂದ ಪ್ರಭುದೇವ.

ಸತ್ಯನಾರಾಯಣರು 'ಇಲ್ಲ' ಒತ್ತಿದರು. "ಊಟ ಸೇರಲ್ವಾ?"

"ನಿನ್ನಿ ನಾಕ ರೊಟ್ಟಿ ತಿಂದಾನ."

"ಚಡಪಡಿಕೆ?"

ಮೇಜಿನ ಕೆಳಗೆ ಪ್ರಭುದೇವನ ಕಾಲು ಹೊಲಿಗೆ ಮಷಿನ್ ತುಳಿಯುತ್ತಿತ್ತು. "ಇಲ್ರೀ, ಆರಾಮ."

"ಚಿತ್ರ ಬರೆಯೋರಿಗೆ ಎಂಥ ಚಡಪಡಿಕೆ ಸಾರ್!" ಪಾಷಾ ಚಹಾ ಹೀರಿ ನಕ್ಕರು. "ನನ್ನ ನೋಡಿ. ದಿಂಬಿಗೆ ತಲೆ ತಾಗಿದ್ರೆ ಸಾಕು, ಬೆಳಗಾಗಿರತ್ತೆ."

ಇವರೆಲ್ಲ ಹೋದ ಮೇಲೆ ತಿದ್ದಿಕೊಂಡರಾಯಿತು ಎಂದು ಪ್ರಭುದೇವ ಒಂಬತ್ತಕ್ಕೂ ಆರಾಮ ಎಂದ. ಒಂಬತ್ತನೆಯದು ಮುಗಿದದ್ದೇ ತಡ, ಸತ್ಯನಾರಾಯಣರು ಕಚೇರಿಯ ಮೊಹರು ಒತ್ತುವ ಗತ್ತಿನಲ್ಲಿ ಫಾರ್ಮು ಕಳಿಸಿಯೇಬಿಟ್ಟರು!

ನಿಮಿಷದಲ್ಲಿ ಪ್ರಭುದೇವನ ಫೋನು ಟಿಣ್ ಎಂದಿತು. 'ಅಭಿನಂದನೆಗಳು! ನೀವು ಚೆನ್ನಾಗಿದ್ದೀರಿ. ನಿಮ್ಮ ಸಮಯವನ್ನು ಸಾಲಿನಲ್ಲಿದ್ದ ಮುಂದಿನವರಿಗೆ ಕೊಡಲಾಗಿದೆ. ಮತ್ತೆ ಬೇಕಾದಲ್ಲಿ ಮೂರು ತಿಂಗಳು ಕಾಯಬೇಕು.'

ಆ ಗಡಿಬಿಡಿಯಲ್ಲೇ ಪಾಷಾ ಕೂಡ ತಮ್ಮ ಫೋನು ನೋಡಿ, ಅರ್ಧ ಚಹಾ ಬಿಟ್ಟು ಎದ್ದುಹೋದರು.

ಪ್ರಭುದೇವ ಗ್ಯಾರೇಜಿಗೆ ಓಡಿದ. ನನಗೆ ಏನೂ ಆರಾಮಿಲ್ಲ ಎಂದು ಅಂಗಲಾಚಲು ಕಾಲ್ ಮಾಡಿದರೆ ಆ ಕಡೆಯಿಂದ ಬರೀ ಕೊಳಲಿನ ಸಂಗೀತ. ಅಷ್ಟರಲ್ಲಿ ಬಾಗಿಲಲ್ಲಿ ಪಾಷಾ, ಏದುಸಿರು ಬಿಡುತ್ತ.

"ಪ್ರಭು ಸಾರ್, ನಿಮ್ ಕಾರು ಒಂದು ಗಂಟೆ ಕೊಡ್ತೀರಾ? ಓಡ್ಸೋಕಲ್ಲ, ಕೂತ್ಕೊಳೋಕೆ. ನಮ್ಮನೆ ತುಂಬಾ ನೆಂಟರು, ಬಾತ್‌ರೂಮಲ್ಲೂ ಜಾಗ ಇಲ್ಲ."

"ಯಾಕ್ರೀ?"

ಪಾಷಾ ದನಿ ತಗ್ಗಿಸಿದರು. "ಯಾರ್ಗೂ ಹೇಳ್ಬೇಡಿ. ನಾನು ಮಲಗಿ ನಾಲ್ಕು ತಿಂಗಳಾಯ್ತು. ಆ ಗರ್ಜನೆ ಕಿವಿಯಿಂದ ಹೋಗ್ತಾನೇ ಇಲ್ಲ. ಕೌನ್ಸೆಲರ್‌ಗೆ ಹೆಸರು ಬರೆಸಿ ಕಾಯ್ತಿದ್ದೆ. ಈಗ ತಾನೆ ಮೆಸೇಜ್ ಬಂತು, ಯಾರೋ ಪುಣ್ಯಾತ್ಮ ಎಲ್ಲಾ ಆರಾಮ ಅಂತ ಬರೆದು ಜಾಗ ಬಿಟ್ಟುಕೊಟ್ಟಿದಾನಂತೆ. ಅಲ್ಲಾ ಅವನನ್ನ ಚೆನ್ನಾಗಿಟ್ಟಿರಲಿ!"

ಪ್ರಭುದೇವ ಅವರ ಕಣ್ಣ ಕೆಳಗಿನ ಕಪ್ಪನ್ನು ಮೊದಲ ಸಲ ನೋಡಿದ. ಕೊಳಲು ಊದುತ್ತಲೇ ಇದ್ದ ಕಾಲ್ ಕತ್ತರಿಸಿ, ಕಾರಿನ ಬೀಗದ ಕೈ ಕೊಟ್ಟ.

ಕಾರಿನ ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿಂದ ದೊಡ್ಡ ಗಂಡಸು ಚಿಕ್ಕದಾಗಿ ಅಳುವ ಸದ್ದು ಬಂತು. ಪ್ರಭುದೇವ ಗ್ಯಾರೇಜಿನ ಬಾಗಿಲಿಗೆ ಬೆನ್ನು ಕೊಟ್ಟು, ಗುಡಿಯ ದ್ವಾರಪಾಲಕನಂತೆ ಕಾವಲು ನಿಂತ.

ಕಷಾಯದ ಲೋಟ ಹಿಡಿದು ಸತ್ಯನಾರಾಯಣರು ಬಂದರು. "ಪಾಷಾ ಎಲ್ಲಿ? ಒಳಗೇನೋ ಸದ್ದು?"

"ರಾಕ್ಷಸನ ಸೌಂಡ್ರೀ. ಟೆಸ್ಟಿಂಗ್ ನಡದೈತಿ."

"ಅಬ್ಬಾ, ಕರುಳು ಹಿಂಡೋ ಹಾಗಿದೆಯಲ್ರೀ!" ಎಂದು ಮೆಚ್ಚಿ ಅವರು ಹಿಂದಿರುಗಿದರು.

ಒಳಮನೆಯಿಂದ ದ್ಯಾಮವ್ವ ಕೂಗಿದರು. "ಪ್ರಭೂ, ಅಲ್ಲೇನ ಮಾಡಾಕತ್ತೀಯೋ? ಆರಾಮ ಅದೀ ಹೌದಲ್ಲೋ?"

ನಡುಗುವ ಬೆರಳುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪ್ರಭುದೇವ ಹತ್ತನೆಯ ಸಲ ಹೇಳಿದ:

"ಆರಾಮ ಅದೀನಿ ಬೇ."